ಭಾವನ ಆಕಾಶದ ಗಡಿಯಾರ

ಯಾರ ಹತ್ತಿರ ಬೇಕಾದರೂ ಗಂಟೆ ಎಷ್ಟೆಂದು ಕೇಳಿ, ನಮ್ಮ ಭಾವನ ಹತ್ತಿರ ಮಾತ್ರ ಕೇಳಬೇಡಿ! ಹೇಳುವುದಿಲ್ಲ ಎಂದಲ್ಲ ಮಾರಾಯ್ರೆ, ಹೇಳಿ ಮುಗಿಸುವುದಿಲ್ಲ.

ಆ ಭಾನುವಾರ ಹಂಗಾರಕಟ್ಟೆಯ ಅವರ ಮನೆಯ ಜಗಲಿಯಲ್ಲಿದ್ದದ್ದು ಮೂವರೇ: ಭಾವ, ನನ್ನ ಅಕ್ಕ, ಬಂಗುಡೆ ಸಾರಿನ ಆಸೆಗೆ ಹೋಗಿ ಸಿಕ್ಕಿಬಿದ್ದ ನಾನು.

"ಹತ್ತ್ ಗಂಟಿ ಆಯ್ತಲ್ದಾ, ತಿಂಡಿ ಆಯ್ತಾ ಭಾವ?" ಎಂದೆ.

"ಹತ್ತ್ ಅಂದದ್ದ್ ಯಾರ್? ನಿನ್ ಮೊಬೈಲಾ? ಅದ್ರ್ ಮಾತ್ ಕೇಂಡ್ರೆ ಆಯ್ತ್!"

ಭಾವ ಮೀನುಗಾರಿಕೆ ಬೋಟು ನಡೆಸುತ್ತಿದ್ದವರು. ಬೋಟು ಮಾರುವಾಗ ಅದರಿಂದ ಬಿಚ್ಚಿ ತಂದುಕೊಂಡದ್ದು ಜಿಪಿಎಸ್ ಒಂದೇ. ಅದರ ಆಂಟೆನಾ ತಾರಸಿಗೆ ಏರಿತು. ವಯರು ಕೆಳಗಿಳಿದು, ಹಗಲು ರಾತ್ರಿ ಗುಂಯ್‌ಗುಡುವ ಹಳೇ ಕಂಪ್ಯೂಟರಿಗೆ ಸೇರಿತು. ಅದಕ್ಕೆ ಭಾವ ಇಟ್ಟ ಹೆಸರು ಸರ್ವರ್. ಸಮುದ್ರದಲ್ಲಿ ದಾರಿ ತೋರಿಸುತ್ತಿದ್ದ ಉಪಗ್ರಹಗಳು ಈಗ ದಡದಲ್ಲಿ ಗಂಟೆ ಹೇಳಬೇಕು! ಮನೆಯ ಗಡಿಯಾರ, ಗೇಟಿನ ಕ್ಯಾಮರಾ, ಭಾವನ ಊಟ, ಎಲ್ಲವೂ ಅದರ ಲೆಕ್ಕದಲ್ಲೇ.

ಈಗ ಕೆಲವು ದಿನಗಳಿಂದ ಪರದೆಯ ಮೇಲೆ ಉಪಗ್ರಹ ಸೊನ್ನೆ. ಸರ್ವರ್ ತನ್ನ ಅಂದಾಜಿನಲ್ಲೇ ನಡೆದು ಎರಡು ಸೆಕೆಂಡು ಹಿಂದೆ ಬಿದ್ದಿತ್ತು. ಭಾವನ ಮುಖವೋ, ಸೂತಕದ ಮನೆ.

"ಎರಡ್ ಸೆಕೆಂಡಿಗೆ ಎಂತ ಹಡಗ್ ಮುಳುಗ್ತಿತ್ತ್?" ಎಂದಳು ಅಕ್ಕ. "ಇವತ್ತ್ ಸರಿ ಆಯ್ಲಿಲ್ಲ ಅಂದ್ರೆ ನಾಳೆ ಗುಜರಿಯವ್ನಿಗೆ ಕೊಡ್ತೆ, ಕಾಣಿ!"

ಗುಜರಿ ಎಂದೊಡನೆ ಭಾವ ಎದ್ದು ಸರ್ವರಿನ ಮುಂದೆ ಕೂತರು. ಬೋಟಿನದ್ದೆಂದು ಉಳಿದದ್ದು ಅದೊಂದೇ ಅಲ್ಲವೇ?

ಸರ್ವರನ್ನು ಆರಿಸಿ ಮತ್ತೆ ಹಾಕಿದ್ದಾಯಿತು, ಬೇರೆ ವಯರು ಚುಚ್ಚಿದ್ದಾಯಿತು. ಕಡೆಗೆ ಭಾವ ತೀರ್ಪು ಕೊಟ್ಟರು: "ಇದ್ ಮೇಲಿನವ್ರದ್ದೇ ತೊಂದ್ರೆ. ಒಂದ್ ಫೋನ್ ಮಾಡಿ ಹೇಳುಕ್."

"ಉಪಗ್ರಹಕ್ಕಾ? ಅದಿರ್ಲಿ, ನೀವ್ ತಾರ್ಸಿಗೆ ಹತ್ತಿ ಕಂಡ್ರ್ಯಾ?" ಎಂದೆ ನಾನು.

"ಹತ್ತುಕೆ ನನ್ ಕಾಲ್‌ಗಂಟ್ ಕೇಣ್ಕಲ್ದಾ!"

ನಾನೇ ಹತ್ತಿದೆ. ಮೇಲೆ ಆಂಟೆನಾ ಇಲ್ಲ! ಇದ್ದದ್ದು ಕವುಚಿಟ್ಟ ದೊಡ್ಡ ಅಲ್ಯುಮಿನಿಯಂ ಬೋಗುಣಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು. ಎತ್ತಿದರೆ, ಒಳಗೆ ಆಂಟೆನಾ ತಣ್ಣಗೆ ಕುಳಿತಿದೆ.

"ಅಕ್ಕಾ, ಇದನ್ನ್ ಮುಚ್ಚಿದ್ದ್ ಯಾರ್?"

"ನಾನೇ! ಮಳಿಗಾಲ ಬತ್ತಿಲ್ಯಾ? ಬೋಟಿನ ಸಾಮಾನ್ ಹಂಗೇ ಬಿಡುಕಾತ್ತಾ?"

ಮಳೆಗಾಲಕ್ಕೆ ಬೋಟು ದಡ ಹತ್ತಿದರೆ ಅದರ ಸಾಮಾನನ್ನೆಲ್ಲ ಒರೆಸಿ ಮುಚ್ಚಿಡುವುದು ನಮ್ಮ ಹೆಂಗಸರಿಗೆ ಉಸಿರಾಡಿದಷ್ಟು ಸಹಜ. ಗುಜರಿಗೆ ಕೊಡುತ್ತೇನೆಂದವಳೇ ಅದು ನೆನೆಯದಂತೆ ಕಾಪಾಡಿದ್ದಳು! ಬೋಗುಣಿ ತೆಗೆದ ಸ್ವಲ್ಪ ಹೊತ್ತಿಗೆ ಉಪಗ್ರಹಗಳು ಒಂದೊಂದಾಗಿ ಪರದೆಗೆ ಬಂದವು.

"ಅಲ್ಲ ಮಾರಾಯ್ತಿ," ಎಂದರು ಭಾವ, "ಇಡೀ ಆಕಾಶಕ್ಕೇ ಬೋಗುಣಿ ಕವುಚಿದ್ಯಲ್ಲೆ!"

ಅದಾಗಿ ಎಷ್ಟೋ ಸಮಯದ ಮೇಲೆ, ಭಾವ ಕಣ್ಣಿನ ಆಪರೇಶನ್ನಿಗೆಂದು ಮಗಳೊಂದಿಗೆ ಕುಂದಾಪುರದಲ್ಲಿದ್ದಾಗ, ಅಕ್ಕನ ಫೋನ್ ಬಂತು.

"ಹ್ವಾಯ್ ತಮ್ಮ, ಬೇಗ ಬಾ. ಸೆಟಲೈಟ್ ಒಂದೂ ಕಾಣ್ತಿಲ್ಲೆ. ಅವ್ರ್ ನಾಳೆ ಬತ್ರ್. ಬಂದ್ ಕೂಡ್ಲೇ ಇದನ್ನ್ ಕಂಡ್ರೆ ಬೇಜಾರ್ ಮಾಡ್ಕಂತ್ರ್."

ವಯರನ್ನು ಇಲಿ ಕಡಿದಿತ್ತು. ನಾನು ತಾರಸಿಯಲ್ಲಿ ಕೂತು ಜೋಡಿಸಿದೆ. ಅಕ್ಕ ಕೆಳಗೆ ಪರದೆಯ ಮುಂದೆ ಕೂತು ಕೂಗುತ್ತಿದ್ದಳು: "ಒಂದ್ ಬಂತ್... ಇನ್ನೊಂದ್ ಬಂತ್... ತಡಿ, ಇಳಿಬ್ಯಾಡ, ಇನ್ನೂ ಬತ್ತಿತ್ತ್!"

ಮರುದಿನ ಭಾವ ಮನೆಗೆ ಬಂದರು. ಅಕ್ಕ ಇಲಿಯ ಸುದ್ದಿ ಎತ್ತದೆ, ಗಂಟೆ ಎಷ್ಟಾಯಿತೆಂದು ಅವರನ್ನೇ ಕೇಳಿದಳು.