ಗಾಯವಾಗದ ಒಂದು ಎಲೆ

ಟೊಮೆಟೊ ಸಸಿಗಳ ಮುಂದೆ ‘ದಯವಿಟ್ಟು ಮುಟ್ಟಬೇಡಿ’ ಎಂದು ಬರೆದಿಟ್ಟದ್ದೇ ತಪ್ಪಾಯಿತು. ಅಲ್ಲಿಯವರೆಗೆ ಪ್ರಯೋಗಾಲಯದಲ್ಲಿ ಅವುಗಳನ್ನು ಯಾರೂ ಕಣ್ಣೆತ್ತಿಯೂ ನೋಡಿರಲಿಲ್ಲ.

ಬರೆದಿಟ್ಟ ಸಂಶೋಧಕನನ್ನು ಎಲ್ಲರೂ ಗಾಯದ ಡಾಕ್ಟ್ರು ಎನ್ನುತ್ತಿದ್ದರು. ಎಲೆಗೆ ಗಾಯವಾದರೆ, ವರ್ಣತಂತುಗಳಲ್ಲಿ ಜೀನುಗಳನ್ನು ಬಿಗಿಯಾಗಿ ಸುತ್ತಿಟ್ಟಿರುವ ಪ್ರೋಟೀನುಗಳು ಸಡಿಲಗೊಳ್ಳುತ್ತವೆ. ಮಲಗಿದ್ದ ಜೀನುಗಳು ಎದ್ದು ರಿಪೇರಿಗೆ ಇಳಿಯುತ್ತವೆ. ಅದನ್ನು ತೋರಿಸುವುದು ಅವನ ಕೆಲಸ. ಕಿಟಕಿಯ ಬಳಿಯ ಸಸಿಗಳ ಎಲೆಗಳನ್ನು ಬ್ಲೇಡಿನಿಂದ ಗೀರಬೇಕು. ಮೇಜಿನ ಮೇಲಿನವಕ್ಕೆ ಉಗುರೂ ತಾಕಬಾರದು. ಸಂಜೆ ಎರಡನ್ನೂ ಹೋಲಿಸಬೇಕು. ಈ ಸಲವೂ ಪ್ರಯೋಗ ಕೆಟ್ಟರೆ ನೌಕರಿ ಮುಂದುವರಿಯುವಂತಿರಲಿಲ್ಲ.

ಬೆಳಿಗ್ಗೆಯೇ ಟೈಪಿಸ್ಟ್ ಅಕ್ಕ ಬಂದು, ಯಾಕೆ ಮುಟ್ಟಬಾರದು ಎಂದು ವಿಚಾರಿಸಿದಳು. ಅವನು ವಿವರಿಸುತ್ತಿದ್ದಂತೆ ಗಂಭೀರವಾಗಿ ತಲೆದೂಗುತ್ತ, ಒಂದು ಎಲೆ ಚಿವುಟಿ ಮೂಸಿದಳು.

“ಇಷ್ಟಕ್ಕೆಲ್ಲ ಅದಕ್ಕೆ ಗೊತ್ತಾಗುತ್ತಾ?”

“ಒಂದೆಲೆಗೆ ನೋವಾದ್ರೆ ಇಡೀ ಗಿಡಕ್ಕೇ ಸುದ್ದಿ ಮುಟ್ಟುತ್ತೆ, ಅಕ್ಕಾ,” ಎಂದ ಅವನು, ಅಳುವ ದನಿಯಲ್ಲಿ.

ಕಚೇರಿಯೂ ಟೊಮೆಟೊ ಗಿಡದಂತೆಯೇ. ಅರ್ಧ ಗಂಟೆಯಲ್ಲಿ ಸುದ್ದಿ ಮೂಲೆಮೂಲೆಗೂ ಮುಟ್ಟಿತು. ಲೆಕ್ಕಪತ್ರದ ಗುಮಾಸ್ತರು ಬಂದು, ಗಿಡ ಬೆಚ್ಚಿಬೀಳುತ್ತದೋ ಎಂದು ನೋಡಲು ಎರಡು ಸಸಿಗಳನ್ನು ಚಿವುಟಿದರು. ಬಲ್ಬು ಬದಲಿಸಲು ಬಂದ ಎಲೆಕ್ಟ್ರೀಷಿಯನ್, ತಾನಂತೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿ, ಏಣಿಯನ್ನು ಮೇಜಿನ ಸಸಿಗಳ ಮೇಲೆ ಬೀಳಿಸಿದ. ಅಲ್ಲಿ ಗಾಯವಾಗದೆ ಉಳಿದದ್ದು ಒಂದೇ ಸಸಿ.

ಗಾಯದ ಡಾಕ್ಟ್ರು ಅದನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಮೂಲೆ ಸೇರಿದ. ಊಟಕ್ಕೂ ಏಳಲಿಲ್ಲ. ಯಾರಾದರೂ ಹತ್ತಿರ ಬಂದರೆ ಮರಿ ಹಾಕಿದ ಬೆಕ್ಕಿನಂತೆ ಗುರುಗುಟ್ಟುತ್ತಿದ್ದ. ಮಧ್ಯಾಹ್ನ ಕಳೆದ ಮೇಲೆ ಮೆಲ್ಲಗೆ ಅದನ್ನು ಕೆಳಗಿಳಿಸಲು ಹೋದಾಗ, ಅವನ ಜೇಬಿನ ಪೆನ್ನಿನ ಕ್ಲಿಪ್ಪಿಗೇ ಸಿಕ್ಕಿ ಎಲೆ ಪರ್ರನೆ ಹರಿಯಿತು.

ತಲೆಯ ಮೇಲೆ ಕೈಹೊತ್ತು ಕೂತವನ ಕಣ್ಣು ಕಿಟಕಿಯತ್ತ ಹೊರಳಿತು. ಈ ಕಾವಲಿನ ಗದ್ದಲದಲ್ಲಿ, ಗೀರಬೇಕಿದ್ದ ಸಸಿಗಳನ್ನು ಅವನು ಗೀರಲೇ ಇಲ್ಲ. ಒಂದೊಂದು ಎಲೆಯೂ ಮದುಮಗನ ಅಂಗಿಯಂತೆ ಗರಿಗರಿಯಾಗಿತ್ತು.

ಅವನಿಗೆ ಹೋದ ಜೀವ ಬಂದಂತಾಯಿತು. ಮೇಜಿನ ಸಸಿಗಳನ್ನೇ ಗಾಯಗೊಂಡವು ಎಂದರಾಯಿತು, ಕಿಟಕಿಯವು ಗಾಯವಾಗದವು. ಹೋಲಿಕೆಗೆ ಇನ್ನೇನು ಬೇಕು? ಗುಮಾಸ್ತರ ಮೇಲಿನ ಸಿಟ್ಟೂ ಇಳಿಯಿತು. ಎಲೆಗಳನ್ನು ಇಡಲು ಮಂಜುಗಡ್ಡೆ ತರಲೆಂದು ಕೆಳಗಿನ ಮಹಡಿಗೆ ಓಡಿದ. ಮೆಟ್ಟಿಲು ಹತ್ತುವಾಗ ಸಿಳ್ಳೆ ಕೂಡ ಹಾಕಿದ.

ಒಳಗೆ ಬಂದರೆ, ಎಂದೂ ತಮ್ಮ ಕೋಣೆ ಬಿಟ್ಟು ಬಾರದ ಪ್ರೊಫೆಸರರು ಕಿಟಕಿಯ ಬಳಿ ನಿಂತು ಬ್ಲೇಡು ಒರೆಸುತ್ತಿದ್ದರು.

“ಬೆಳಗಿಂದ ಊಟಾನೂ ಮಾಡಿಲ್ವಂತೆ ನೀನು,” ಎಂದರು ಅವರು ಅಕ್ಕರೆಯಿಂದ. “ಪಾಪ, ಗೀರೋದನ್ನೇ ಮರೆತುಬಿಟ್ಟಿದೀಯ. ನಾನೇ ಮುಗಿಸಿದೀನಿ. ನೋಡು, ಒಂದೇ ಒಂದು ಎಲೆಯನ್ನೂ ಬಿಟ್ಟಿಲ್ಲ.”