ವಿಳಾಸವಿಲ್ಲದ ವಿದ್ಯಾರ್ಥಿ

ಕಾಲು ಒಂದು ಕಡೆ ನಿಲ್ಲದವನಿಗೆ ಕಚೇರಿಗಳಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಲಾರಿ ಹತ್ತಿದವನು. ಆಮೇಲೆ ಅಡುಗೆ ಕಲಿತೆ. ದೇವಸ್ಥಾನದ ಅಡುಗೆಯವನಾಗಿ ಅಮೆರಿಕಕ್ಕೆ ಬಂದೆ, ಗ್ರೀನ್ ಕಾರ್ಡೂ ಆಯಿತು. ಆದರೂ ಡೆಟ್ರಾಯ್ಟ್ ಕಡೆ ಒಂದಷ್ಟು ದಿನ, ಶಿಕಾಗೋ ಕಡೆ ಒಂದಷ್ಟು ದಿನ, ಅವರಿವರ ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿದ್ದೇ ಬಾಳು. ಐವತ್ತು ದಾಟಿದ ಮೇಲೆ ಬುದ್ಧಿ ಬಂತೋ ಹೋಯಿತೋ, ಕಾಲೇಜು ಸೇರಬೇಕು ಅನ್ನಿಸಿತು. ಮನೆಗಳ ಹೀಟರು, ಏಸಿ ರಿಪೇರಿ ಕಲಿಸುವ ಎರಡು ವರ್ಷದ ಕೋರ್ಸು. ಹಿಡಿದದ್ದನ್ನೆಲ್ಲ ಅರ್ಧಕ್ಕೆ ಬಿಟ್ಟವನು, ಒಂದನ್ನಾದರೂ ಮುಗಿಸಿ ಸಾಯಬೇಕು ಅನ್ನುವ ಹಟ. ನಗುವವರು ನಗಲಿ, ನನಗದು ನಗುವ ವಿಷಯವಾಗಿರಲಿಲ್ಲ.

ಗುಟ್ಟು

ಹೈಸ್ಕೂಲಿಗೆ ಸಮ ಅನ್ನುವ ಜಿ.ಇ.ಡಿ. ಪರೀಕ್ಷೆ ಪಾಸಾದ ವಾರ, ಡೆಟ್ರಾಯ್ಟ್ ಪಕ್ಕದ ರಾಚೆಸ್ಟರ್ ಹಿಲ್ಸಿನ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಡುಗೆ ನನ್ನದು. ಪುಳಿಯೋಗರೆ ಬಡಿಸುತ್ತ, "ಕಮ್ಯುನಿಟಿ ಕಾಲೇಜು ಸೇರ್ತಾ ಇದೀನಿ" ಅಂದೆ. ಕಡಿಮೆ ಫೀಸು, ಯಾರು ಬಂದರೂ ಸೇರಿಸಿಕೊಳ್ಳುವ ಕಾಲೇಜದು.

ಡಿಯರ್‌ಬಾರ್ನ್‌ಗೆ ದಿನಾ ಡ್ರೈವ್ ಮಾಡುವ ಇಂಜಿನಿಯರೊಬ್ಬರು ಸಾವಿನ ಸುದ್ದಿ ಕೇಳಿದವರ ಹಾಗೆ ದನಿ ತಗ್ಗಿಸಿದರು. "ಮೆತ್ತಗೆ ಹೇಳಿ. ನಮ್ಮ ಮಗಳೂ ಅಲ್ಲೇ ಇರೋದು. ಎಲ್ಲರಿಗೂ ಆನ್ ಆರ್ಬರಿನ ದೊಡ್ಡ ಯೂನಿವರ್ಸಿಟಿ ಅಂತ ಹೇಳಿದೀವಿ."

ಪಾತ್ರೆ ಮುಂದಿನವರ ಹತ್ತಿರ ಹೋಯಿತು. ಅವರು ನನ್ನ ಕೈ ಹಿಡಿದು ಕಿವಿಯಲ್ಲಿ, "ನಮ್ಮ ಮಗನೂ ಅಲ್ಲೇ. ದಯವಿಟ್ಟು ಅವರಿಗೆ ಗೊತ್ತಾಗೋದು ಬೇಡ" ಅಂದರು.

ಕೈ ತೊಳೆಯುವಾಗ ಅವರ ಮಗನೇ ಸಿಕ್ಕ, ನಿಜವಾ ಅಂತ ಕೇಳಿದೆ. ಅವನು ಅಲ್ಲೇ ಇದ್ದ ಇಂಜಿನಿಯರ ಮಗಳ ಕಡೆ ಕೈ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದ: "ಅಂಕಲ್, ನಾವಿಬ್ಬರೂ ದಿನಾ ಒಂದೇ ಕಾರಲ್ಲಿ ಹೋಗ್ತೀವಿ."

ಮನೆಯವರು

ನನಗೆ ಬೇಕಾದ ಕೋರ್ಸಿದ್ದದ್ದು ಶಿಕಾಗೋ ಕಡೆ. ಗ್ಲೆಂಡೇಲ್ ಹೈಟ್ಸಿನಲ್ಲಿ ನನ್ನ ಹಳೆಯ ಸಹಪಾಠಿಯ ಮನೆಗೆ ಬಂದೆ. ಮೈಸೂರಿನಲ್ಲಿ ಏಳನೆಯವರೆಗೆ ಒಂದೇ ಬೆಂಚಿನವರು. ಅವನು ಓದುತ್ತ ಹೋಗಿ ಡಾಕ್ಟರಾದ. ಅವನು, ಹೆಂಡತಿ, ಅವನ ತಾಯಿ, ಮಗಳು, ಬೇಸ್‌ಮೆಂಟಿನಲ್ಲಿ ನಾನು. ಅವನ ಹೆಂಡತಿಯನ್ನು ಅತ್ತಿಗೆ ಅನ್ನುತ್ತೇನೆ.

ಫೀಸಿಗೆ ಸರ್ಕಾರದ ನೆರವು ಕೇಳುವ ಅರ್ಜಿ ತುಂಬಬೇಕಿತ್ತು. ಕಾಲೇಜಿನ ಕೌಂಟರಿನ ಹೆಂಗಸು ತಾಳ್ಮೆಯಿಂದ ಬಿಡಿಸಿ ಹೇಳಿದಳು: ಗ್ರ್ಯಾಂಟ್ ಅಂದರೆ ಸುಮ್ಮನೆ ಕೊಡುವುದು, ಲೋನ್ ಅಂದರೆ ತೀರಿಸಬೇಕಾದ್ದು. ಆಮೇಲೆ, "ಮನೆಯಲ್ಲಿ ಎಷ್ಟು ಜನ?" ಅಂದಳು.

"ಐದು."

"ಅವರನ್ನು ಸಾಕುವವರು ನೀವಾ?"

"ಇಲ್ಲ, ನನ್ನನ್ನೇ ಅವರು ಸಾಕ್ತಿರೋದು."

"ರಕ್ತಸಂಬಂಧ?"

"ಒಂದೇ ಬೆಂಚು."

ಅವಳು ನಾಲ್ವರನ್ನೂ ತೆಗೆದುಹಾಕಿ 'ಒಂದು' ಅಂತ ಹಾಕಿದಳು. ಸಂಜೆ ಅತ್ತಿಗೆಗೆ ಹೇಳಿದೆ. ಅವರು ಸೌಟು ಕೆಳಗಿಟ್ಟರು. "ಹಾಗಾದ್ರೆ ನಾವ್ಯಾರೂ ನಿಮ್ಮ ಮನೆಯವರಲ್ಲ?"

"ಸರ್ಕಾರದ ಲೆಕ್ಕದಲ್ಲಿ ಅಲ್ವಂತೆ, ಅತ್ತಿಗೆ."

"ಸರಿ. ಇವತ್ತು ಊಟ ಸರ್ಕಾರದ ಮನೇಲೇ ಮಾಡ್ಕೊಳ್ಳಿ."

ಮೈಸೂರು ಪಾಕು

ಅರ್ಜಿ ಕೊಟ್ಟ ಮೇಲೆ ಬರಿಗೈಯಲ್ಲಿ ಹೋಗಿ ವಿಚಾರಿಸುವುದು ಹೇಗೆ? ಒಂದು ಡಬ್ಬಿ ಮೈಸೂರು ಪಾಕು ಮಾಡಿಕೊಂಡು ಹೋದೆ. ಕೌಂಟರಿನ ಹೆಂಗಸು ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ಅರ್ಜಿ ತೀರ್ಮಾನ ಆಗುವ ತನಕ ನಿಮ್ಮಿಂದ ಏನೂ ಮುಟ್ಟುವ ಹಾಗಿಲ್ಲ."

"ಇದು ಲಂಚ ಅಲ್ಲಮ್ಮ, ಸಿಹಿ."

ಅವಳು ಡಬ್ಬಿಯ ಮೇಲೆ ಬಗ್ಗಿ ತುಪ್ಪದ ವಾಸನೆ ಎಳೆದುಕೊಂಡಳು. "ಎಷ್ಟು ದಿನ ಕೆಡದೆ ಇರುತ್ತೆ?"

"ಅಪ್ಪಟ ತುಪ್ಪ. ತಿಂಗಳಾದರೂ ಏನೂ ಆಗಲ್ಲ."

ಅವಳು ಡಬ್ಬಿಯಿಂದ ಹಿಂದೆ ಸರಿದು ಅಂದಳು, "ಹಾಗಾದರೆ ವಾಪಸು ತಗೊಂಡು ಹೋಗಿ. ನಿಮ್ಮ ಅರ್ಜಿ ಅದಕ್ಕಿಂತ ಹೆಚ್ಚು ದಿನ ಇಲ್ಲಿ ಬಿದ್ದಿರುತ್ತೆ."

ನೆಲೆ

ಗ್ರ್ಯಾಂಟೇನೋ ಸಿಕ್ಕಿತು. ಆದರೆ ಕಾಲೇಜಿನ ಸರಹದ್ದಿನೊಳಗೆ ವಾಸವಿದ್ದವರಿಗೆ ಒಂದು ಫೀಸು, ಹೊರಗಿನವರಿಗೆ ಅದರ ಎಷ್ಟೋ ಪಟ್ಟು. ಹೊರಗಿನವನಾದರೆ ಗ್ರ್ಯಾಂಟು ಸಾಲದು, ಕೋರ್ಸಿನ ಆಸೆ ಬಿಡಬೇಕು. ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೂ ಮಿಶಿಗನ್ನಿನ ದೇವಸ್ಥಾನದ ವಿಳಾಸ. ಬಾಡಿಗೆ ಕರಾರು ಇಲ್ಲ. ಸೋಮವಾರ ಕ್ಲಾಸು, ಶುಕ್ರವಾರ ಸಂಜೆಯೊಳಗೆ ಪುರಾವೆ ತೋರಿಸಬೇಕು.

"ಅತ್ತಿಗೆ, ನಾನು ನಿಮ್ಮ ಬಾಡಿಗೆದಾರ ಅಂತ ಬರೆದುಕೊಡಿ ಸಾಕು."

"ಅತಿಥಿ ಹತ್ರ ಬಾಡಿಗೆ ತಗೊಂಡ್ವಿ ಅಂತ ನನ್ನ ಕೈಯಾರೆ ಬರೆದುಕೊಡ್ಲಾ? ನಾಲ್ಕು ಜನ ಏನಂದಾರು?"

ಡಾಕ್ಟರು ಹೆಂಡತಿಯ ಮಾತು ಮೀರುವವನಲ್ಲ. ಕೊನೆಗೆ, ಊರಿನ ತಾಲ್ಲೂಕು ಕಚೇರಿಗೆ ಸಾಕ್ಷಿ ಹೇಳಲು ಹೊರಟ ಹಾಗೆ, ಗಂಡ, ಹೆಂಡತಿ, ಮಗಳು ಮೂವರೂ ನನ್ನ ಜೊತೆ ಕಾಲೇಜಿಗೆ ಬಂದರು. ಅತ್ತಿಗೆ ರೇಷ್ಮೆ ಸೀರೆ ಉಟ್ಟಿದ್ದರು.

ಕೌಂಟರಿನ ಹೆಂಗಸು ಕೇಳಿದಳು, "ಇವರು ನಿಮಗೆ ಬಾಡಿಗೆ ಕೊಡ್ತಾರಾ?"

"ಛೆ, ಕೊಟ್ಟರೂ ಮುಟ್ಟಲ್ಲ," ಅತ್ತಿಗೆ ತಲೆಯೆತ್ತಿ ಹೇಳಿದರು.

"ಎಷ್ಟು ದಿನ ಇರ್ತಾರೆ?"

ಡಾಕ್ಟರು ಸುಳ್ಳು ಹೇಳಿ ಗೊತ್ತಿಲ್ಲದವನು. "ಇವನಾ? ಏಳನೇ ಕ್ಲಾಸಲ್ಲಿ ನೀರು ಕುಡಿದು ಬರ್ತೀನಿ ಅಂತ ಹೋದವನು. ಆಮೇಲೆ ನಾನು ನೋಡಿದ್ದು ಅಮೆರಿಕದಲ್ಲೇ."

ಅವಳು ನನ್ನ ಕಾಗದಗಳನ್ನು ಮೆಲ್ಲನೆ ನನ್ನ ಕಡೆಗೇ ಸರಿಸಿದಳು. ಅವಳ ಮುಖದಲ್ಲಿ ಮರುಕವಿತ್ತು. ಎಷ್ಟೋ ಊರು ಬಿಟ್ಟಿದ್ದೇನೆ, ಹಿಂದೆ ತಿರುಗಿ ನೋಡಿದವನಲ್ಲ. ಆ ಕೌಂಟರು ಬಿಟ್ಟು ಬರಲು ಮಾತ್ರ ಕಾಲೇಳಲಿಲ್ಲ. "ಬೇರೆ ಏನಾದರೂ ಇದೆಯಾ? ಆ ಮನೆಯ ಕರೆಂಟು, ಗ್ಯಾಸು, ಯಾವುದಾದರೂ ಬಿಲ್ಲು ನಿಮ್ಮ ಹೆಸರಲ್ಲಿ?" ಅವಳೇ ಕೇಳಿದಳು.

"ಇಲ್ಲಮ್ಮ."

ಅಷ್ಟರಲ್ಲಿ ಮಗಳು ಫೋನಿನಿಂದ ತಲೆ ಎತ್ತಿ ಇಂಗ್ಲಿಷಿನಲ್ಲಿ, "ಅಮ್ಮ, ನಮ್ಮನೆ ಇಂಟರ್ನೆಟ್ ಈಗ ಅಂಕಲ್ ಹೆಸರಲ್ಲೇ ಇದೆ ಅಲ್ವಾ?" ಅಂದಳು.

ಅತ್ತಿಗೆ ಸೆರಗು ಸರಿಮಾಡಿಕೊಂಡರು. ಸತ್ಯ ಹೊರಗೆ ಬಿತ್ತು. ಹೊಸ ಗಿರಾಕಿಗೆ ಮಾತ್ರ ಕಂಪನಿಯವರು ಅಗ್ಗದ ದರ ಕೊಡುತ್ತಾರೆ. ಹಾಗಾಗಿ ಮೊದಲು ಡಾಕ್ಟರು ಗಿರಾಕಿಯಾದ, ಅವನ ದರ ಮುಗಿದ ಮೇಲೆ ಅತ್ತಿಗೆ, ಆಮೇಲೆ ಮೊಬೈಲನ್ನೂ ಮುಟ್ಟದ ಅವರ ಅತ್ತೆ. ಮನೆಯಲ್ಲಿ ಹೊಸ ಹೆಸರು ಮುಗಿದುಹೋಗಿದ್ದ ಹೊತ್ತಿಗೆ ನಾನು ಚೀಲ ಹೊತ್ತು ಬಂದಿದ್ದೆ.

"ನಿಮ್ಮನ್ನ ಕೇಳಬೇಕು ಅಂತಾನೇ ಇದ್ದೆ," ಅತ್ತಿಗೆ ನೆಲ ನೋಡುತ್ತ ಅಂದರು, "ಮರೆತೇ ಹೋಯ್ತು. ದುಡ್ಡು ನಾವೇ ಕಟ್ತಾ ಇದೀವಿ."

ಮಗಳು ಫೋನಿನಲ್ಲೇ ಬಿಲ್ಲು ತೆಗೆದು ತೋರಿಸಿದಳು. ನನ್ನ ಹೆಸರು, ಅದರ ಕೆಳಗೆ ಗ್ಲೆಂಡೇಲ್ ಹೈಟ್ಸಿನ ವಿಳಾಸ. ಒಂದು ಮನೆಯ ಬಾಗಿಲಿನ ನಂಬರಿನ ಜೊತೆ ನನ್ನ ಹೆಸರನ್ನು ನಾನು ಹಾಗೆ ನೋಡಿದ್ದೇ ಮೊದಲು. ಕೌಂಟರಿನ ಹೆಂಗಸು ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ಠಸ್ಸೆ ಒತ್ತಿದಳು.

ವಾಪಸು ಬರುವಾಗ ಕಾರು ಹೈವೇ ಸೇರಿದ ಮೇಲೆ ಡಾಕ್ಟರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಕೇಳಿದ: "ಲೋ, ನಿಜ ಹೇಳು. ಈ ಸಲವೂ ನೀರು ಕುಡಿಯೋಕೆ ಅಂತ ಹೋಗಿಬಿಡ್ತೀಯಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹಿಂದೆ ತಿರುಗಿದರು.

"ಹೇಗೆ ಹೋಗ್ತಾರೆ? ಇವರ ಹೆಸರಲ್ಲಿ ಎರಡು ವರ್ಷದ ಪ್ಲಾನ್ ತಗೊಂಡಿದೀನಿ."