ಬೀಜಕ್ಕೆ ಬಿಟ್ಟ ಸೋರೆಕಾಯಿ

ಅಕ್ಕ ನನಗೆ ಹೇಳಿದ್ದು ಒಂದೇ ಒಂದು ಕೆಲಸ. ಬಳ್ಳಿಯಲ್ಲಿ ಬಿಟ್ಟ ಸೋರೆಕಾಯಿಗಳಲ್ಲಿ ಒಂದನ್ನು ಕೊಯ್ಯಬಾರದು. ಅದು ಬಲಿತು ಒಣಗುವವರೆಗೂ ಸುಮ್ಮನೆ ಬಿಟ್ಟು, ಆಮೇಲೆ ಬೀಜಕ್ಕಾಗಿ ಅವಳಿಗೆ ತಂದುಕೊಡಬೇಕು. ಸರಿಯಾಗಿ ನೋಡಿದರೆ ಅದು ಏನನ್ನೂ ಮಾಡದೆ ಇರುವ ಕೆಲಸ. ನಾನು ಓದಿದ್ದು ಏಳನೇ ಕ್ಲಾಸಾದರೂ, ಏನನ್ನೂ ಮಾಡದೆ ಇರುವುದರಲ್ಲಿ ಒಳ್ಳೆಯ ಅಭ್ಯಾಸವಿತ್ತು. ಆದರೂ ಆ ಕೆಲಸ ನನ್ನಿಂದ ಆಗಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಯಾಕೆ ಆಗಲಿಲ್ಲ ಎಂಬುದನ್ನು ಒಂದು ವರ್ಷಕ್ಕೂ ಮೇಲೆ ಅವಳ ಮುಂದೆ ಬಾಯಿ ಬಿಡದೆ ಇದ್ದದ್ದು.

ಅದು ಅಂತಿಂಥ ಸೋರೆಯಲ್ಲ. ಕತ್ತು ಕೊಕ್ಕರೆಯ ಹಾಗೆ ಬಾಗಿ, ಹೊಟ್ಟೆ ಮಾತ್ರ ನಮ್ಮ ಕಾರ್ಖಾನೆಯ ಸೂಪರ್‌ವೈಸರ್ ಹಾಗೆ ದುಂಡಗಿರುವ ಜಾತಿ. ಬೀಜ ನಮ್ಮ ಅಮ್ಮನದು. ಅಮ್ಮ ತೀರಿಕೊಂಡ ಮೇಲೆ ಮಾಲೂರಿನ ಕಡೆಯ ನಮ್ಮೂರಿನಿಂದ ಹದಿನಾರು ವರ್ಷದ ಅಕ್ಕ ಎರಡನ್ನು ಎತ್ತಿಕೊಂಡು ಹಲಸೂರಿಗೆ ಬಂದಳು. ಒಂದು, ಸೀರೆಯ ಚೂರಿನಲ್ಲಿ ಕಟ್ಟಿದ ಬೀಜ. ಇನ್ನೊಂದು, ಮೂಗು ಸುರಿಸುತ್ತಿದ್ದ ನಾನು. ಊದಿನಕಡ್ಡಿ ಹೊಸೆದು ನನ್ನನ್ನು ಸಾಕಿದಳು. ವಠಾರದ ತಾರಸಿಯ ಮೇಲೆ ಒಂದು ಹಳೇ ಡ್ರಮ್ಮಿನಲ್ಲಿ ಬಳ್ಳಿಯನ್ನೂ ಸಾಕಿದಳು. ಎರಡರಲ್ಲಿ ಫಲ ಕೊಟ್ಟಿದ್ದು ಬಳ್ಳಿ.

ಸೋರೆಕಾಯಿ ಮಾಡಿದ ದಿನ ತಿರುಳಿನ ಹುಳಿ ನನ್ನ ತಟ್ಟೆಗೆ, ಸಿಪ್ಪೆಯ ಚಟ್ನಿ ಅವಳ ತಟ್ಟೆಗೆ. "ನಂಗೆ ಸಿಪ್ಪೇನೇ ಇಷ್ಟ ಕಣೋ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಮದುವೆಯಾಗಿ ಮೀಸೆ ನರೆಯುವವರೆಗೂ ನಂಬಿದ್ದೆ!

ನಾನು ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿ, ಅಲ್ಲೇ ಹತ್ತಿರ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದೆ. ಮೊಬೈಲು ಇನ್ನೂ ಸಾಹುಕಾರರ ಕಿವಿಯಲ್ಲಿ ಮಾತ್ರ ಇದ್ದ ಕಾಲ ಅದು. ಆ ವರ್ಷ ವಠಾರದ ಮಾಲೀಕರು ತಾರಸಿಯ ತುಂಬಾ ನೀರಿನ ಟ್ಯಾಂಕುಗಳನ್ನು ಕೂರಿಸಿದರು. ಡ್ರಮ್ಮಿಗೆ ಜಾಗವಿಲ್ಲದಾಯಿತು. ಅಕ್ಕ ಬಟ್ಟೆಯ ಗಂಟನ್ನು ತಂದು ನನ್ನ ಕೈಗಿಟ್ಟಳು.

"ಸೀನ, ಒಂಬತ್ತು ಬೀಜ ಇದಾವೆ. ಉಳಿದಿರೋದು ಇಷ್ಟೇ. ಆಗ್ಲೇ ಹಳೇದಾಗಿದಾವೆ, ಈ ಮಳೆಗೆ ಹಾಕ್ದೇ ಇದ್ರೆ ಇನ್ನು ಹುಟ್ಟಲ್ಲ. ನಿನ್ ಹಿತ್ತಲಲ್ಲಿ ಹಾಕು."

"ಅಷ್ಟೇನಾ? ಬಿಡಕ್ಕ. ಬೀಜ ಹಾಕೋದು, ನೀರು ಹಾಕೋದು. ಅದ್ರಲ್ಲೇನಿದೆ ವಿದ್ಯೆ?"

"ವಿದ್ಯೆ ಬೇಕಿಲ್ಲ ಅಂತಾನೇ ನಿನ್ ಕೈಗೆ ಕೊಡ್ತಿರೋದು."

ಭಾನುವಾರ ಬೆಳಿಗ್ಗೆ ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ ಕೃಷಿ ಜೀವನವನ್ನು ಪ್ರಾರಂಭಿಸಿದೆ. ಮೊಣಕಾಲು ಮುಳುಗುವಷ್ಟು ಗುಂಡಿ ತೋಡಿದ್ದನ್ನು ನನ್ನ ಹೆಂಡತಿ ಸರೋಜ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ರೀ, ಕರೆಂಟ್ ಕಂಬ ನೆಡ್ತಿದೀರಾ?"

"ಬೇರು ಆಳಕ್ಕೆ ಹೋಗ್ಬೇಡ್ವೇನೇ?"

"ಬೇರು ಕೆಳಗ್ ಹೋಗ್ಲಿ. ಮೊಳಕೆ ಮೇಲಕ್ ಬರ್ಬೇಡ್ವಾ?"

ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಐದು ಬೀಜಗಳನ್ನು ಆ ಗುಂಡಿಯಲ್ಲಿ ಹಾಕಿ ಮುಚ್ಚಿದೆ. ಅವು ಇಂದಿಗೂ ಅಲ್ಲೇ ವಿಶ್ರಾಂತಿ ಪಡೆಯುತ್ತಿವೆ. ಇನ್ನೆರಡನ್ನು ಮೇಲುಮೇಲೆ ಹಾಕಿದೆ; ಹೆಗ್ಗಣ ಅಗೆದು ತಿಂದಿತು. ಉಳಿದ ಎರಡನ್ನು ಸರೋಜ ನನ್ನ ಜೇಬಿನಿಂದ ತೆಗೆದುಕೊಂಡು, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಬೆರಳಿನಿಂದ ಒತ್ತಿ ಸುಮ್ಮನಾದಳು. ಎರಡೂ ಹುಟ್ಟಿದವು. ಸಂತೋಷ ತಡೆಯಲಾರದೆ ನಾನು ಒಂದರ ಬುಡಕ್ಕೆ ಎರಡು ಹಿಡಿ ಯೂರಿಯಾ ಸುರಿದೆ. ಅದು ಮಾರನೆಯ ದಿನವೇ ಸುಟ್ಟುಹೋಯಿತು. ಉಳಿದದ್ದು ಒಂದು ಬಳ್ಳಿ. "ಇದರ ಹತ್ರ ಬಂದ್ರೆ ನೋಡಿ!" ಎಂದಳು ಸರೋಜ. ಆ ಮಾತಿಗೆ ನಾನು ಇವತ್ತಿಗೂ ಕೃತಜ್ಞ.

ಬಳ್ಳಿ ಚಪ್ಪರ ಹತ್ತಿತು. ಸಂಜೆ ಬಿಳಿ ಹೂ ಅರಳಿದವು. ಹೂವಿನ ಹಿಂದೆ ಬೆರಳುದ್ದದ ಕಾಯಿಗಳು, ಆಗಲೇ ಕತ್ತು ಬಾಗಿಸಿಕೊಂಡು. ಕಾರ್ಖಾನೆಯಲ್ಲಿ ನಾನು ತೋಟದ ಮಾಲೀಕನ ಹಾಗೆ ಓಡಾಡತೊಡಗಿದೆ. ಆಗ ಬಂದವು ಕೋತಿಗಳು.

ಹೊಸ ಕಟ್ಟಡಗಳಿಗಾಗಿ ಪಕ್ಕದ ಮಾವಿನ ತೋಪನ್ನು ಕಡಿದ ಮೇಲೆ ಅವು ನಮ್ಮ ಬೀದಿಗೆ ವರ್ಗವಾಗಿ ಬಂದಿದ್ದವು. ಅವುಗಳ ಯಜಮಾನನಿಗೆ ಬಾಲ ಅರ್ಧವೇ ಇತ್ತು. ದಿನಾ ಹತ್ತು ಗಂಟೆಗೆ ಬಂದು, ಕಾಂಪೌಂಡಿನ ಮೇಲೆ ಕೂತು ಎಲ್ಲವನ್ನೂ ಒಂದು ಸಲ ಪರಿಶೀಲಿಸಿ, ಆಮೇಲೆ ಕೆಲಸ ಶುರು ಮಾಡುತ್ತಿದ್ದುದರಿಂದ ನಾವು ಅದನ್ನು ಮೇನೇಜರ್ ಎಂದು ಕರೆದೆವು. ಒಂದು ಕಾಯಿಯನ್ನೂ ಪೂರ್ತಿ ತಿನ್ನುತ್ತಿರಲಿಲ್ಲ. ಒಂದೊಂದು ಕಚ್ಚು ಕಚ್ಚಿ, ರುಚಿಯಿಲ್ಲವೆಂದು ನನ್ನ ಕಡೆ ನೋಡಿ ಬಿಸಾಡುತ್ತಿತ್ತು.

ನಾನು ಯುದ್ಧ ಘೋಷಿಸಿದೆ. ಮೊದಲು ಬೆರ್ಚಪ್ಪನನ್ನು ಮಾಡಿ, ನನ್ನ ಹಳೇ ಯೂನಿಫಾರಂ ತೊಡಿಸಿ, ಟೋಪಿಯನ್ನೂ ಇಟ್ಟೆ. ಪಕ್ಕದ ಮನೆಯ ಸೆಲ್ವಿಯಮ್ಮ ಗೋಡೆಯಾಚೆಯಿಂದ ಅದನ್ನು ಮೂರು ಸಲ "ಅಣ್ಣಾ, ನೀರು ಬಂತಾ?" ಎಂದು ಕೇಳಿ, ಉತ್ತರ ಬಾರದೆ, "ನಿಮ್ ಯಜಮಾನ್ರಿಗೆ ನಮ್ಮೇಲೇನು ಕೋಪ?" ಎಂದು ಸರೋಜಳ ಹತ್ತಿರ ಬೇಜಾರು ಮಾಡಿಕೊಂಡರು. ಮೇನೇಜರ್ ಮಾತ್ರ ಮೋಸಹೋಗಲಿಲ್ಲ. ಮೂರನೆಯ ದಿನ ಅದು ಟೋಪಿ ಹಾಕಿಕೊಂಡು ಕೂತಿತ್ತು. ಹದಿನೈದು ವರ್ಷ ದುಡಿದರೂ ಆ ಟೋಪಿಯಲ್ಲಿ ನನಗೆ ಬಾರದ ಗತ್ತು ಅದಕ್ಕೆ ಒಂದೇ ದಿನಕ್ಕೆ ಬಂದಿತ್ತು!

ಜೊತೆ ಕೆಲಸದವನೊಬ್ಬ, "ಕ್ಯಾಸೆಟ್ ಟೇಪ್ ಎಳೆದು ಕಟ್ಟು ಗುರು. ಗಾಳಿಗೆ ಗುಂಯ್ ಅನ್ನುತ್ತೆ, ಬಿಸಿಲಿಗೆ ಹೊಳೆಯುತ್ತೆ, ಯಾವ ಪ್ರಾಣೀನೂ ಬರಲ್ಲ" ಎಂದ. ಮನೆಯಲ್ಲಿ ಹೆಸರು ಬರೆಯದ ಒಂದು ಕ್ಯಾಸೆಟ್ಟಿತ್ತು. ಅದರ ಟೇಪನ್ನು ಪೂರ್ತಿ ಎಳೆದು ಚಪ್ಪರಕ್ಕೆ ಸುತ್ತಿದೆ. ಅದು ನಮ್ಮ ಮದುವೆಯಲ್ಲಿ ಸರೋಜಳ ಅಜ್ಜಿ ಹಾಡಿದ್ದ ಸೋಬಾನೆ ಪದಗಳ ಕ್ಯಾಸೆಟ್ಟು. ಕೋತಿಗಳು ಬರುವುದು ನಿಲ್ಲಲಿಲ್ಲ. ಮನೆಯಲ್ಲಿ ಅಡುಗೆ ನಿಂತಿತು. ನಾಲ್ಕು ದಿನ.

ಶಿವಾಜಿನಗರದ ಫುಟ್‌ಪಾತಿನಿಂದ ರಬ್ಬರ್ ಹಾವು ತಂದೆ. ನಿಜವಾದ ಹಾವೂ ನೋಡಿ ನಾಚಬೇಕು, ಅಂಥದ್ದು. ಚಪ್ಪರದ ಕೆಳಗೆ ಇಟ್ಟು, ಇಟ್ಟದ್ದನ್ನು ಮರೆತು, ಬೆಳಿಗ್ಗೆ ಬರಿಗಾಲಲ್ಲಿ ನಾನೇ ಅದರ ಮೇಲೆ ಕಾಲಿಟ್ಟೆ. ಆ ದಿನ ಚಪ್ಪರದ ಅರ್ಧಭಾಗ ನನ್ನ ಜೊತೆಯಲ್ಲೇ ನೆಲಕ್ಕೆ ಬಂತು. ಕೋತಿಗಳು ಬಿಟ್ಟಿದ್ದ ಮೂರು ಕಾಯಿಗಳಲ್ಲಿ ಎರಡು ನನ್ನ ಬೆನ್ನಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾದವು.

ಉಳಿದದ್ದು ಒಂದು. ಅಕ್ಕ ಬಂದು ನೋಡಿದಳು. ಬೈಯಲಿಲ್ಲ. ಅಮ್ಮನ ಕೆಂಪು ಸೀರೆಯ ಚೂರನ್ನು ಆ ಕಾಯಿಯ ಕತ್ತಿಗೆ ಕಟ್ಟಿದಳು. "ಇದು ಬೀಜಕ್ಕೆ. ತಟ್ಟಿದ್ರೆ ಮರದ ಥರ ಸದ್ದು ಬರೋವರ್ಗೂ ಬಳ್ಳೀಲೇ ಇರ್ಲಿ. ನೀನೇನೂ ಮಾಡ್ಬೇಡ ಸೀನ. ದಯವಿಟ್ಟು ಏನೂ ಮಾಡ್ಬೇಡ."

ನಾನು ಒಂದೇ ಒಂದು ಮಾಡಿದೆ. ಕಾರ್ಖಾನೆಯ ಗುಜರಿ ಕಬ್ಬಿಣದಲ್ಲಿ ಒಂದು ಪಂಜರ ವೆಲ್ಡ್ ಮಾಡಿ, ಕಾಯಿಯನ್ನು ಒಳಗಿಟ್ಟು ಬೀಗ ಹಾಕಿದೆ. ಸೋರೆಕಾಯಿಯನ್ನು ಜೈಲಿಗೆ ಹಾಕಿದ ಮೊದಲ ಮನುಷ್ಯ ನಾನೇ ಇರಬೇಕು. ಆದರೆ ಉಪಾಯ ಫಲಿಸಿತು! ಮೇನೇಜರ್ ದಿನಾ ಬಂದು ಬೀಗ ಅಲ್ಲಾಡಿಸಿ ಹೋಗುತ್ತಿತ್ತು. ಕಾಯಿ ಬಲಿಯಿತು, ಕಂದಿತು, ಒಣಗಿತು. ತಟ್ಟಿದರೆ ಟೊಕ್ ಎಂದಿತು. ಕಾರ್ಖಾನೆಗೆ ರಜೆಯಿದ್ದ ಒಂದು ಶನಿವಾರ ಬೆಳಿಗ್ಗೆ ಬಿಡುಗಡೆ ಮಾಡಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಮಾರನೆಯ ದಿನ ಅಕ್ಕನಿಗೆ ಒಪ್ಪಿಸಿದರೆ ನನ್ನ ಕರ್ತವ್ಯ ಮುಗಿಯುತ್ತಿತ್ತು.

ಸರೋಜ ರೇಷನ್ ಅಂಗಡಿಗೆ ಹೋಗಿದ್ದಳು. ನಾನು ಹಿತ್ತಲ ಬಾಗಿಲು ತೆರೆದಿಟ್ಟು ಕಾಫಿ ಕಾಯಿಸುತ್ತಿದ್ದೆ. ಹತ್ತು ಗಂಟೆಯಾಯಿತು. ಮೇನೇಜರ್ ನೇರವಾಗಿ ಒಳಗೆ ಬಂದು, ಪೂಜೆಗೆ ತಂದಿದ್ದ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡು, ಕಾಂಪೌಂಡಿನ ಮೇಲೆ ಹೋಗಿ ಕೂತು ಸುಲಿಯತೊಡಗಿತು. ಐದು ತಿಂಗಳ ಕೋಪ ಒಟ್ಟಿಗೆ ನೆತ್ತಿಗೇರಿತು. ಬಾಗಿಲಲ್ಲೇ ನಿಂತು ಹಿಂದಿನ ಕಟ್ಟೆಗೆ ಕೈ ಚಾಚಿ, ಸಿಕ್ಕಿದ್ದನ್ನು ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎಸೆದೆ.

ಮೇನೇಜರ್ ಎರಡು ಕೈಯಲ್ಲೂ ಕ್ಯಾಚ್ ಹಿಡಿಯಿತು!

ಅದನ್ನು ನೋಡಿತು. ನನ್ನನ್ನು ನೋಡಿತು. ನಾನು ಕೊಟ್ಟೆನೆಂದೇ ತಿಳಿದು ಕಂಕುಳಲ್ಲಿಟ್ಟುಕೊಂಡು ಸೂರು ಹಾರಿತು. ಅದರ ಹೆಗಲ ಮೇಲೆ ಒಂದು ಕೆಂಪು ಚೂರು ಪಟಪಟ ಹಾರಾಡುತ್ತಿತ್ತು. ನಾನು ಎಸೆದದ್ದು ಏನೆಂದು ಆಗ ತಿಳಿಯಿತು.

ಲುಂಗಿ ಎತ್ತಿ ಕಟ್ಟಿ ಬೀದಿಯುದ್ದಕ್ಕೂ ಓಡಿದೆ. ಕೋತಿ ಕಾಣಲಿಲ್ಲ. ಸಂಜೆ ಎಸ್‌ಟಿಡಿ ಬೂತಿನಿಂದ ಅಕ್ಕನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸಿದೆ.

"ಅಕ್ಕ, ಸೋರೆಕಾಯಿನ ಕೋತಿ ಕದ್ಕೊಂಡ್ ಹೋಯ್ತು."

ಅವಳು ಕೇಳಿದ್ದು ಇಷ್ಟೇ: "ನಿಂಗೇನೂ ಆಗ್ಲಿಲ್ಲ ತಾನೇ? ಕಚ್ಚಲಿಲ್ಲ ತಾನೇ?"

"ಇಲ್ಲಕ್ಕ."

"ಹೋಗ್ಲಿ ಬಿಡು. ಹನುಮಪ್ಪ ಕೇಳಿ ತಗೊಂಡ ಅಂದ್ಕೊಳೋಣ."

ಮುಂದಿನ ಶನಿವಾರ ನಾನು ಕೋತಿಯಿಂದ ಪಾರಾದದ್ದಕ್ಕೆ ಅವಳು ನನ್ನ ಹೆಸರಿನಲ್ಲಿ ಗುಡಿಯಲ್ಲಿ ಕಾಯಿ ಒಡೆಸಿ ಪ್ರಸಾದ ಕಳಿಸಿದಳು. ಆ ಕೊಬ್ಬರಿ ಚೂರನ್ನು ನಾನು ತಿನ್ನದೆ ಸರೋಜಳ ಕೈಗೆ ದಾಟಿಸಿದೆ.

ಅದೇ ಜಾತಿಯ ಕಾಯಿಗಾಗಿ ರಸೆಲ್ ಮಾರುಕಟ್ಟೆಯ ಮೂಲೆಮೂಲೆ ಅಲೆದೆ. ನಾನು ಕೈಯಲ್ಲಿ ಆಕಾರ ತೋರಿಸಿದ್ದನ್ನು ನೋಡಿ ಒಬ್ಬ ಸಾಬರು, "ನಿಮಗೆ ಬೇಕಿರೋದು ತರಕಾರೀನಾ ಭಾಯ್, ವೀಣೆನಾ?" ಎಂದರು. ಅಕ್ಕಪಕ್ಕದಲ್ಲಿ ಮಾತ್ರ ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸಿದರೆ ನಡೆದದ್ದನ್ನು ಹೇಳಬೇಕಾಗುತ್ತಿತ್ತು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸೆಲ್ವಿಯಮ್ಮ ಗೋಡೆಯಾಚೆಯಿಂದ ಕರೆದರು. ಈ ಸಲ ಬೆರ್ಚಪ್ಪನನ್ನಲ್ಲ, ನನ್ನನ್ನೇ.

"ಅಣ್ಣಾ, ನಮ್ ಹಿಂದುಗಡೆ ಬಂದು ನೋಡಿ. ಇಟ್ಟಿಗೆ ರಾಶಿ ಮೇಲೆ ಏನೋ ಬಳ್ಳಿ ಬಂದಿದೆ. ನಾವು ಹಾಕಿಲ್ಲ, ನೀರೂ ಬಿಟ್ಟಿಲ್ಲ."

ಹೋಗಿ ನೋಡಿದೆ. ಇಟ್ಟಿಗೆ ರಾಶಿ ಕಾಣುತ್ತಲೇ ಇರಲಿಲ್ಲ. ಎಲ್ಲೆಲ್ಲೂ ಕೊಕ್ಕರೆ ಕತ್ತುಗಳು!

"ಹೋದ್ ವರ್ಷ ನೀವು ಕೋತಿಗೆ ಕೊಟ್ರಲ್ಲ, ಅದರದ್ದೇ ಬೀಜ ಇರ್ಬೇಕು" ಎಂದರು.

"ನಾನು ಕೊಟ್ಟೆನಾ?"

"ನಾನು ತಾರಸಿ ಮೇಲೆ ಬಟ್ಟೆ ಒಣಗಿಸ್ತಾ ಇದ್ದೆ ಅಣ್ಣಾ. ನೀವು ಎಸೆದ್ರಿ, ಅದು ಹಿಡ್ಕೊಳ್ತು. ಶನಿವಾರ ಅಲ್ವಾ, ಏನೋ ಹರಕೆ ಅಂದ್ಕೊಂಡೆ. ಸಾಯಂಕಾಲ ಇದೇ ಇಟ್ಟಿಗೆ ಮೇಲೆ ಕೂತು ಕುಟ್ತಾ ಇತ್ತು. ನಾನೇ ಓಡಿಸ್ದೆ."

"ಆವತ್ತೇ ಹೇಳ್ಬಾರ್ದಿತ್ತಾ ತಾಯಿ?"

"ನೀವು ಕೇಳಲೇ ಇಲ್ವಲ್ಲ!"

ನಾನು ಬೂತಿನಲ್ಲಿ ನಿಂತು ಸುಳ್ಳು ಹೇಳುತ್ತಿದ್ದ ಹೊತ್ತಿಗೆ ಅಮ್ಮನ ಬೀಜ ನನ್ನ ಗೋಡೆಯ ಆಚೆ ಬಿದ್ದಿತ್ತು. ಐದು ತಿಂಗಳು ಕಾವಲು ಕಾದು ನಾನು ಕಳೆದದ್ದನ್ನು ಕೋತಿ ಒಂದೇ ಸಂಜೆಯಲ್ಲಿ ಬಿತ್ತಿ ಹೋಗಿತ್ತು. ಬಳ್ಳಿ ಹುಟ್ಟಿದ ವರ್ಷ ಸೆಲ್ವಿಯಮ್ಮ ಒಂದು ನಾಯಿ ಸಾಕಿದ್ದರು. ಒಂದು ಕಾಯಿಗೂ ಹಲ್ಲಿನ ಗುರುತಿರಲಿಲ್ಲ. ನಾಯಿ! ಪಂಜರ ಹೊಳೆದ ತಲೆಗೆ ಅದು ಹೊಳೆದಿರಲಿಲ್ಲ. ಸರೋಜ ಬಳ್ಳಿಯನ್ನು ನೋಡಿ ತೀರ್ಪು ಕೊಟ್ಟಳು: "ಇಲ್ಲಿ ಹಾವಿಲ್ಲ, ಬೀಗ ಇಲ್ಲ, ನೀವಿಲ್ಲ. ಅದಕ್ಕೇ ಇಷ್ಟು ಚೆನ್ನಾಗ್ ಬಂದಿದೆ."

ಸೆಲ್ವಿಯಮ್ಮ ಪುಣ್ಯಾತ್ಗಿತ್ತಿ. ಒಂದು ಕಾಯಿಯನ್ನು ಬೀಜಕ್ಕೆಂದೇ ಬಿಟ್ಟರು. ಅದು ಒಣಗಿದ ಮೇಲೆ, ಅದನ್ನೂ ಬಳ್ಳಿಯ ಕೊನೆಯ ಎಳೆಗಾಯಿಯೊಂದನ್ನೂ ಚೀಲಕ್ಕೆ ಹಾಕಿಕೊಂಡು ಹಲಸೂರಿನ ಬಸ್ಸು ಹತ್ತಿದೆ. ಅಕ್ಕನಿಗೆ ಹೇಳಲು ಮೂರು ಸುಳ್ಳು ಸಿದ್ಧಮಾಡಿಕೊಂಡೆ. ಮೂರರಲ್ಲೂ ನಾನು ಕೋತಿಯ ಬೆನ್ನಟ್ಟಿ ಹೋದ ವೀರ. ರಸ್ತೆಯ ಉಬ್ಬು ಬಂದಾಗಲೆಲ್ಲ ಒಣಗಿದ ಕಾಯಿಯೊಳಗೆ ಬೀಜಗಳು ಗಲಗಲ ನಗುತ್ತಿದ್ದವು.

ಅಕ್ಕ ಒಣಗಿದ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕಣ್ಣು ತುಂಬಿಕೊಂಡಿತು.

"ಅಮ್ಮ ಮನೆಗ್ ಬಂದಂಗಾಯ್ತು ಕಣೋ ಸೀನ. ಕೋತಿ ಕದ್ದಿದ್ದನ್ನೂ ಬಿಡ್ದೆ ಹುಡುಕಿ ತಂದ್ಯಲ್ಲ. ನಿನ್ನಂಥ ತಮ್ಮ ಯಾರಿಗ್ ಸಿಗ್ತಾನೆ ಹೇಳು?"

ನನಗೆ ಸುಳ್ಳು ಹೇಳುವ ಶ್ರಮವೂ ಉಳಿಯಿತು. ಅವಳೇ ಹೇಳಿಕೊಂಡಿದ್ದಳು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಏನನ್ನೂ ಮಾಡದೆ ಇರುವ ಕೆಲಸ!

ಅವಳು ಕಣ್ಣೊರೆಸಿಕೊಂಡು ಎಳೆಗಾಯಿಯನ್ನು ಹೆರೆದಳು. ಹೋಳುಗಳು ಕುಕ್ಕರಿಗೆ ಹೋದವು. ಸಿಪ್ಪೆಯ ತಟ್ಟೆಯನ್ನು, ಯಾವ ಯೋಚನೆಯೂ ಇಲ್ಲದೆ, ತನ್ನ ಪಕ್ಕಕ್ಕೆ ಎಳೆದುಕೊಂಡಳು.

ನನ್ನಿಂದ ತಡೆಯಲಾಗಲಿಲ್ಲ. "ಅಕ್ಕ, ಆವತ್ತು ಕೋತಿ ಕದೀಲಿಲ್ಲ..." ಎಂದೆ. ಕುಕ್ಕರ್ ಕೂಗಿತು.

"ಏನೋ ಅದು?"

"ತಪ್ಪಾಯ್ತಕ್ಕ, ನಾನು..." ಕುಕ್ಕರ್ ಮತ್ತೆ ಕೂಗಿತು.

"ಬಾಯಲ್ಲಿ ಕಡುಬು ಇಟ್ಕೊಂಡಿದ್ಯೇನೋ? ಜೋರಾಗ್ ಹೇಳು!"

ಎದೆ ತುಂಬಾ ಉಸಿರೆಳೆದುಕೊಂಡೆ. ಮೂರನೆಯ ಕೂಗಿಗೂ ಮೀರಿಸಿ ಕೇಳಿಸಬೇಕೆಂದು ಬಾಯಿ ತೆರೆದೆ. ಕುಕ್ಕರ್ ಆ ಕ್ಷಣಕ್ಕೇ ಸುಮ್ಮನಾಯಿತು. ಹೊರಗೆ ನಲ್ಲಿಯ ಹತ್ತಿರ ಜಗಳವಾಡುತ್ತಿದ್ದ ಹೆಂಗಸರೂ ಸುಮ್ಮನಾದರು. ಹನ್ನೆರಡು ಮನೆಯ ವಠಾರಕ್ಕೆಲ್ಲ ಕೇಳಿಸಿದ್ದು ನನ್ನ ದನಿಯೊಂದೇ:

"ತಪ್ಪಾಯ್ತು ಅಕ್ಕಾ! ಕೋತೀದೇನೂ ತಪ್ಪಿಲ್ಲ! ಅಮ್ಮನ ಬೀಜ ಎಸೆದೋನು ನಾನೇ! ಆ ಸಿಪ್ಪೆ ತಟ್ಟೆ ಈ ಕಡೆ ಕೊಡು!"